ಎಡಗಡೆಯ ಪಿಸ್ತೂಲು

ನಗರಸಭೆಯ ಕಟ್ಟಡದಲ್ಲಿ ಮೂವತ್ತನಾಲ್ಕು ವರ್ಷ ಲಿಫ್ಟ್ ನಡೆಸಿದ ಅಪ್ಪನಿಗೆ ಗೊತ್ತಿದ್ದದ್ದು ಒಂದೇ ಒಂದು ಕಥೆ. ಅದು ಸರಿಯಾಗಿ ಆರು ಮಹಡಿ ಉದ್ದವಿತ್ತು. ಕೆಳಗೆ ಜಾಲರಿ ಬಾಗಿಲು ಎಳೆದುಕೊಳ್ಳುವಾಗ ದಳಪತಿ ನಲವತ್ತು ಜನರನ್ನು ಕಟ್ಟಿಕೊಂಡು ಸೇತುವೆಯ ಮೇಲೆ ನಿಂತಿರುತ್ತಿದ್ದ. ಮೂರನೇ ಮಹಡಿಯ ಜನನ ಮರಣ ವಿಭಾಗ ಬರುವಷ್ಟರಲ್ಲಿ ಮದ್ದು ಮುಗಿಯುತ್ತ ಬಂದಿರುತ್ತಿತ್ತು. ಐದನೆಯದು ದಾಟುವಾಗ ದಳಪತಿ ಎಡ ಸೊಂಟದ ಪಿಸ್ತೂಲನ್ನು ತೆಗೆದು ತನ್ನ ನಂಬಿಕೆಯ ಆಳಿನ ಕೈಯಲ್ಲಿಟ್ಟು, "ನಾವ್ಯಾರೂ ಉಳಿಯಲ್ಲ, ನೀನು ಉಳೀಬೇಕು. ಹೊಳೆ ದಾಟಿ ಊರಿಗೆ ಸುದ್ದಿ ಮುಟ್ಟಿಸು. ಇದು ನಿನಗೆ ನನ್ನ ಕೊಡುಗೆ" ಎನ್ನುತ್ತಿದ್ದ. ಆರನೆಯದರಲ್ಲಿ ಬಾಗಿಲು ತೆರೆಯುತ್ತ ಅಪ್ಪ, "ಆ ಆಳು ಬೇರೆ ಯಾರೂ ಅಲ್ಲ, ನಮ್ಮ ತಾತ" ಎಂದು ಮುಗಿಸುತ್ತಿದ್ದ. ನಾಲ್ಕರಲ್ಲಿ ಇಳಿಯಬೇಕಾದವರು ಎಷ್ಟೋ ಸಲ ಆರಕ್ಕೆ ಹೋಗಿ, ಕಥೆ ಪೂರ್ತಿ ಕೇಳಿ, ಮೆಟ್ಟಿಲಿಳಿದು ಬರುತ್ತಿದ್ದರಂತೆ. ಮೇಯರ್‌ಗಳು ಬಂದರು, ಹೋದರು, ಎಲ್ಲರೂ ಕೇಳಿದ್ದರು. ಹಾಗಾಗಿಯೇ ಅವನಿಗೆ ಲಿಫ್ಟ್ ದಳಪತಿ ಎಂದು ಹೆಸರು ಬಿದ್ದದ್ದು. ನಿವೃತ್ತನಾದ ಮೇಲೆ 'ಲಿಫ್ಟ್' ಉದುರಿ, ಬೀದಿಯಲ್ಲಿ ಬರೀ ದಳಪತಿಯಾಗಿ ಉಳಿದ.

ನಿಜವಾದ ದಳಪತಿ ಸತ್ತು ನೂರ ಮೂವತ್ತು ವರ್ಷ ದಾಟಿತ್ತು. ಊರ ನಡುವೆ ಅವನ ಕಂಚಿನ ಪ್ರತಿಮೆಯಿದೆ, ಮೂರನೇ ತರಗತಿಯ ಮಕ್ಕಳಿಗೆ ಅವನ ಪಾಠವಿದೆ. ಕುಳ್ಳ, ಸಮೀಪದೃಷ್ಟಿಯವನು, ಲೆಕ್ಕದ ಮೇಷ್ಟರ ಮಗ. ತನ್ನ ಪಡೆಯ ಒಬ್ಬ ಸಿಪಾಯಿಗೂ ಕೈ ಎತ್ತಿದವನಲ್ಲವಂತೆ. ಮೂರು ದಿನ ಸೇತುವೆ ಬಿಟ್ಟುಕೊಡದೆ, ಊರಿನ ಹೆಂಗಸರು ಮಕ್ಕಳು ಬೆಟ್ಟ ಸೇರುವವರೆಗೆ ತಡೆದು, ನಾಲ್ಕನೆಯ ಬೆಳಗ್ಗೆ ಸತ್ತ. ರಾಜಧಾನಿಯ ಹೆಸರಾಂತ ಬಂದೂಕುಗಾರನೊಬ್ಬ ಅವನಿಗೆ ಒಂದು ಜೊತೆ ಪಿಸ್ತೂಲು ಮಾಡಿಕೊಟ್ಟಿದ್ದ. ಬಲಗಡೆಯದು ಈಗ ವಸ್ತುಸಂಗ್ರಹಾಲಯದಲ್ಲಿದೆ. ಮಖಮಲ್ಲಿನ ಪೆಟ್ಟಿಗೆಯಲ್ಲಿ ಎರಡು ಗುಳಿ, ಒಂದರಲ್ಲಿ ಪಿಸ್ತೂಲು, ಇನ್ನೊಂದು ಖಾಲಿ. 'ಇದರ ಜೊತೆಯದು ಯುದ್ಧದಲ್ಲಿ ಕಳೆದುಹೋಗಿದೆ' ಎಂದು ಚೀಟಿ ಅಂಟಿಸಿದ್ದಾರೆ.

ಅಪ್ಪ ಆ ಚೀಟಿಯನ್ನು ಓದಿದಾಗಲೆಲ್ಲ ಒಳಗೊಳಗೇ ನಗುತ್ತಿದ್ದ. ಕಳೆದುಹೋದದ್ದು ಅವನ ಬೀರುವಿನಲ್ಲಿ, ಹಳೇ ಉಣ್ಣೆ ಶಾಲಿನಲ್ಲಿ ಸುತ್ತಿಕೊಂಡು ಮಲಗಿತ್ತು. ತಿಂಗಳಿಗೊಮ್ಮೆ ಅದನ್ನು ತೆಗೆದು, ಊಟದ ಮೇಜಿನ ಮೇಲೆ ಪೇಪರು ಹಾಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ ಒರೆಸುತ್ತಿದ್ದ. ಗೇಣುದ್ದದ ಎಂಟು ಮೂಲೆಯ ನಳಿಗೆ, ಬಳ್ಳಿ ಕೆತ್ತಿದ ಉಕ್ಕು, ಕಪ್ಪು ಮರದ ಹಿಡಿ. ಹಿಡಿ ಒಂದು ಕಡೆ ಸೀಳಿತ್ತು. ಸೀಳಿಗೆ ಬೆಳ್ಳಿಯ ತಂತಿ ಒತ್ತೊತ್ತಾಗಿ ಸುತ್ತಿ ಬಿಗಿದಿದ್ದರು. ದಳಪತಿಯ ಕುದುರೆ ತುಳಿದದ್ದು ಅದು, ಎಂದು ಅಪ್ಪನ ತಾತ ಅಪ್ಪನಿಗೆ ಹೇಳಿದ್ದನಂತೆ. ತಾತ ಹೋದಾಗ ಅಪ್ಪನಿಗೆ ಎಂಟು ವರ್ಷ. ಅವನ ಮಡಿಲಲ್ಲಿ ಕೂತು ಕೇಳಿದ ಮಾತು ಎಂಬತ್ತನಾಲ್ಕರಲ್ಲೂ ಒಂದಕ್ಷರ ಅತ್ತಿತ್ತ ಆಗಿರಲಿಲ್ಲ.

ಅಪ್ಪನೊಂದಿಗೆ ಇದ್ದವಳು ಮಗಳು. ವಯಸ್ಸು ಐವತ್ತಾರು, ಮದುವೆ ಆಗಲಿಲ್ಲ, ಯಾಕೆಂದು ಕೇಳುವವರೂ ಈಗ ಉಳಿದಿರಲಿಲ್ಲ. ದಾಖಲೆಗಳ ಭಂಡಾರದಲ್ಲಿ ಹರಿದ, ನೆನೆದ, ಹುಳು ತಿಂದ ಕಾಗದಗಳನ್ನು ದುರಸ್ತಿ ಮಾಡುವುದು ಅವಳ ಕೆಲಸ. ತಮ್ಮ ಆಸ್ಪತ್ರೆಗಳಿಗೆ ಮಂಚ, ಗಾಲಿ ಕುರ್ಚಿ ಮಾರುತ್ತಿದ್ದ. ಏನು ಕೇಳಿದರೂ "ಗ್ಯಾರಂಟಿ" ಎನ್ನುತ್ತಿದ್ದದ್ದರಿಂದ ಬೀದಿಯವರು ಅವನಿಗೆ ಗ್ಯಾರಂಟಿ ಎಂದೇ ಹೆಸರಿಟ್ಟಿದ್ದರು. ಜೀವಮಾನವಿಡೀ ಜನರನ್ನು ಮೇಲೆತ್ತಿದ ಅಪ್ಪ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿದ್ದ. ಮಂಡಿ ಹೋಗಿತ್ತು, ಒಂದು ಕಣ್ಣಲ್ಲಿ ಪೊರೆ, ಇನ್ನೊಂದರಲ್ಲಿ ಆಪರೇಷನ್ ಆದಮೇಲಿನ ಮಬ್ಬು. ಕೆಳಗಿಳಿಯುವುದೆಂದರೆ ಅರ್ಧ ದಿನದ ಕೆಲಸ.

"ನೆಲಮಹಡಿಯಲ್ಲಿ ಒಂದು ಮನೆ ನೋಡ್ಬೇಕು ಅಪ್ಪಾ. ಹೀಗೇ ಎಷ್ಟು ದಿನ?" ಎಂದು ತಮ್ಮ ವರ್ಷದಿಂದ ರಾಗ ಎಳೆಯುತ್ತಿದ್ದ. ಆ ರಾಗ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ಒಂದು ದಿನ ಹರಾಜು ಕಂಪನಿಯ ಪರೀಕ್ಷಕನನ್ನು ಕರೆದುಕೊಂಡೇ ಬಂದ.

ಪರೀಕ್ಷಕ ಸಣಕಲ ಮನುಷ್ಯ. ತನ್ನದೇ ಬಿಳಿ ಬಟ್ಟೆ ಹಾಸಿ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಂದು ಗಂಟೆ ನೋಡಿದ. ಅಪ್ಪ ಎದುರಿಗೆ ಕೂತು ಆರೂ ಮಹಡಿಯ ಕಥೆ ಹೇಳಿದ. ಮನುಷ್ಯ ತಲೆ ಎತ್ತಲಿಲ್ಲ.

"ಕೆಲಸ ಅದೇ ಬಂದೂಕುಗಾರನದು, ಅದರಲ್ಲಿ ಅನುಮಾನ ಇಲ್ಲ" ಎಂದ ಕೊನೆಗೆ. "ಆದ್ರೆ ಅವನು ಇಂಥವು ಹನ್ನೆರಡು ಜೊತೆ ಮಾಡಿದಾನೆ. ಇದು ದಳಪತಿಯದೇ ಅಂತ ಯಾರು ಹೇಳ್ತಾರೆ?"

"ನಾನು ಹೇಳ್ತೀನಲ್ಲ" ಎಂದ ಅಪ್ಪ.

"ನೀವು ಹೇಳಿದ್ರೆ ಆಗಲ್ಲ ಯಜಮಾನ್ರೇ, ಕಾಗದ ಹೇಳ್ಬೇಕು. ಆ ಕಾಲದ್ದು ಒಂದೇ ಒಂದು ಕಾಗದ ಸಿಕ್ಕಿದ್ರೂ ಸಾಕು, ಇದರ ದೆಸೆಯೇ ಬೇರೆ. ಇಲ್ಲದಿದ್ರೆ ಹಳೇ ಪಿಸ್ತೂಲು, ಅಷ್ಟೆ."

ಅಪ್ಪ ಮಾರುವುದಕ್ಕೆ ಒಪ್ಪುವುದಿಲ್ಲವೆಂದು ಅವಳು ಅಂದುಕೊಂಡಿದ್ದಳು. ಅವನು ಪಿಸ್ತೂಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಹರಾಜಿನ ಪುಸ್ತಕ ಅಚ್ಚು ಹಾಕ್ತೀರಂತಲ್ಲ?" ಎಂದ.

"ಹಾಕ್ತೀವಿ. ಬಣ್ಣದ್ದು."

"ಅದರಲ್ಲಿ ನಮ್ಮ ತಾತನ ಕಥೆ ಬರಬೇಕು. ಪೂರ್ತಿ. ಹಾಗಿದ್ರೆ ತಗೊಂಡು ಹೋಗಿ." ಆಮೇಲೆ ಮಗಳ ಕಡೆ ತಿರುಗಿದ. "ನಿಮ್ಮ ಆಫೀಸಲ್ಲಿ ಲಾರಿಗಟ್ಟಲೆ ಕಾಗದ ಇದೆಯಲ್ಲೇ. ಒಂದು ಹುಡುಕಿ ಕೊಡೋಕಾಗಲ್ವಾ ನಿಂಗೆ? ಇಷ್ಟು ವರ್ಷ ಊರವರ ಕಾಗದಕ್ಕೆಲ್ಲ ಅಂಟು ಹಚ್ಚಿದ್ದೀಯ."

ಹುಡುಕಿದಳು. ಉತ್ಸಾಹದಿಂದಲೇ ಹುಡುಕಿದಳು, ಅದನ್ನು ಆಮೇಲೆ ಅವಳು ತನಗೆ ತಾನೇ ಒಪ್ಪಿಕೊಳ್ಳಬೇಕಾಯಿತು. ಮೂರನೇ ತರಗತಿಯಲ್ಲಿ ಆ ಪಾಠ ಬಂದಾಗ ಟೀಚರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ, "ನೋಡಿ ಮಕ್ಕಳೇ, ಇವಳ ಮುತ್ತಾತ" ಎಂದಿದ್ದರು. ಆ ಬೆಂಚಿನಿಂದ ಅವಳು ಪೂರ್ತಿಯಾಗಿ ಇಳಿದಿರಲೇ ಇಲ್ಲ.

ಭಂಡಾರದ ನೆಲಮಾಳಿಗೆಯಲ್ಲಿ ಯಾವುದೋ ಹಳೆಯ ಪ್ರವಾಹದಲ್ಲಿ ನೆನೆದು, ಇಟ್ಟಿಗೆಯಂತೆ ಗಟ್ಟಿಯಾಗಿದ್ದ ಕಟ್ಟುಗಳ ಒಂದು ಕಪಾಟಿತ್ತು. ಯಾರೂ ಬಿಡಿಸಿರಲಿಲ್ಲ. ಪಟ್ಟಿಯಲ್ಲಿ ಒಂದರ ಮುಂದೆ 'ದಳಪತಿಯ ಪತ್ನಿಗೆ ಬಂದ ಪತ್ರಗಳು' ಎಂದಿತ್ತು. ಮೇಲಧಿಕಾರಿಯಿಂದ ಅನುಮತಿ ಪಡೆದು ಅದನ್ನು ತನ್ನ ಮೇಜಿಗೆ ತಂದಳು. ಒದ್ದೆ ಹವೆಯ ಪೆಟ್ಟಿಗೆಯಲ್ಲಿ ಎರಡು ದಿನ ಇಟ್ಟು, ಮೆದುವಾದ ಮೇಲೆ ಮೂಳೆಯ ಚಪ್ಪಟೆ ಕಡ್ಡಿಯಿಂದ ಒಂದೊಂದೇ ಹಾಳೆ ಎಬ್ಬಿಸಿ, ಹೀರುಕಾಗದದ ನಡುವೆ ಒಣಗಿಸಿ, ಹರಿದ ಕಡೆ ತೆಳ್ಳನೆಯ ಕಾಗದಕ್ಕೆ ಗೋಧಿಯ ಅಂಟು ಸವರಿ ಕೂರಿಸಿದಳು. ಸಾಂತ್ವನದ ಪತ್ರಗಳೇ ಹೆಚ್ಚು. ಒಂಬತ್ತನೆಯದು ಪಡೆಯ ವೈದ್ಯನದು. ಸೇತುವೆಯ ಮೇಲೆ ಗಾಯಗೊಂಡು ಸೆರೆಯಾಗಿ ಬದುಕಿ ಉಳಿದ ನಾಲ್ವರಲ್ಲಿ ಒಬ್ಬ.

ಅದರ ಮೊದಲ ಹಾಳೆ ಒಣಗಿತ್ತು, ಅಲ್ಲೇ ಓದಿದಳು. 'ಬೆಳ್ಳಿ ತಂತಿ ಸುತ್ತಿದ ಎಡಗಡೆಯ ಪಿಸ್ತೂಲು, ಹೋದ ವರ್ಷ ಕುದುರೆ ತುಳಿದು ಸೀಳಿದ್ದು, ತಮಗೆ ನೆನಪಿರಬಹುದು' ಎಂಬ ಸಾಲು ಬಂದಾಗ ಕುರ್ಚಿಯಿಂದ ಎದ್ದೇಬಿಟ್ಟಳು. ಅಪ್ಪನಿಗೆ ಫೋನು ಮಾಡಬೇಕೆನಿಸಿತು. ಎರಡನೆಯ ಹಾಳೆ ಇನ್ನೂ ಒದ್ದೆಯಿತ್ತು, ಮರುದಿನದವರೆಗೆ ಕಾಯಬೇಕಿತ್ತು. ಆ ದಿನ ಮನೆಗೆ ಹೋಗುವಾಗ ಅಪ್ಪನಿಗೆ ಇಷ್ಟವೆಂದು ದ್ರಾಕ್ಷಿ ಕೊಂಡುಕೊಂಡು ಹೋದಳು. ಏನೂ ಹೇಳಲಿಲ್ಲ, ಪೂರ್ತಿ ಓದಿಯೇ ಹೇಳೋಣ ಎಂದುಕೊಂಡಳು.

ಎರಡನೆಯ ಹಾಳೆ ಹೀಗಿತ್ತು: 'ಆ ಪಿಸ್ತೂಲನ್ನು ಕೊನೆಯ ಹಿಂದಿನ ದಿನ ಅವರ ಆಳು ಕದ್ದುಕೊಂಡು ಹೊಳೆ ದಾಟಿ ಓಡಿಹೋದ. ಅವನನ್ನು ಹಿಡಿದು ತರಲು ಇಬ್ಬರು ಹೊರಟಿದ್ದರು. ದಳಪತಿಗಳು ಬಿಡಲಿಲ್ಲ. ಅವನಿಗೆ ಇಪ್ಪತ್ತೆರಡು ವರ್ಷ, ಹೆದರಿದ್ದಾನೆ, ದಾರಿಯಲ್ಲಿ ಕೈಯಲ್ಲಿ ಏನಾದರೂ ಇರಬೇಕಲ್ಲ, ಇರಲಿ, ಕೊಟ್ಟೆನೆಂದೇ ತಿಳಿಯುತ್ತೇನೆ ಎಂದರು. ಮರುದಿನ ಬೆಳಗ್ಗೆ ಶತ್ರುಗಳು ಸೇತುವೆ ಏರಿದಾಗ ಬಲಗಡೆಯ ಪಿಸ್ತೂಲನ್ನು ಹಾರಿಸಿದರು. ಆಮೇಲೆ ಅಭ್ಯಾಸಬಲದಿಂದ ಕೈ ಎಡಕ್ಕೆ ಹೋಯಿತು. ನಾನು ಎರಡು ಮಾರು ದೂರದಲ್ಲಿ ಬಿದ್ದಿದ್ದೆ, ನೋಡಿದೆ. ಪಿಸ್ತೂಲಿನ ಖಾಲಿ ಚೀಲದಲ್ಲಿ ಕೈ ತಡಕಾಡಿತು. ಅಷ್ಟು ಹೊತ್ತು ಸಾಕಾಯಿತು ಶತ್ರುಗಳಿಗೆ.'

ಅವಳು ಅದನ್ನು ಮೂರು ಸಲ ಓದಿದಳು. ಸುತ್ತ ಯಾರೂ ಇರಲಿಲ್ಲ. ಮೇಜಿನ ಮೇಲೆ ನೀರಿನ ಬೋಗುಣಿಯಿತ್ತು. ಬಿಡಿ ಹಾಳೆಯನ್ನು ಅದರಲ್ಲಿ ಅದ್ದಿ ಉಜ್ಜಿದರೆ ಹತ್ತು ನಿಮಿಷದಲ್ಲಿ ಅಕ್ಷರವೆಲ್ಲ ಮುದ್ದೆಯಾಗಿಹೋಗುತ್ತಿತ್ತು. ಪ್ರವಾಹದಲ್ಲಿ ಹಾಳಾಗಿದೆ ಎಂದು ಪಟ್ಟಿಯಲ್ಲಿ ಬರೆದರೆ ಕೇಳುವವರಿರಲಿಲ್ಲ. ಬೋಗುಣಿಯನ್ನು ಹತ್ತಿರಕ್ಕೆ ಎಳೆದುಕೊಂಡಳು ಕೂಡ. ಮೂವತ್ತು ವರ್ಷ ಕಾಗದ ಉಳಿಸಿದ ಕೈ ಅದಕ್ಕೆ ಒಗ್ಗಲಿಲ್ಲ. ಹಾಳೆಯ ಮೂಲೆ ಹರಿದಿತ್ತು, ಅದಕ್ಕೆ ತೇಪೆ ಹಚ್ಚಿದಳು. ನಂಬರು ಬರೆದು, ಹಾಳೆಗಳ ಒಂದು ಪ್ರತಿ ತೆಗೆದು ಕೈಚೀಲಕ್ಕೆ ಹಾಕಿಕೊಂಡು, ಪತ್ರವನ್ನು ಜಾಗಕ್ಕೆ ಸೇರಿಸಿದಳು.

"ಏನಾದ್ರೂ ಸಿಕ್ತಾ?" ಎಂದ ಅಪ್ಪ.

"ಇಲ್ಲ."

"ಸರಿಯಾಗಿ ನೋಡು. ಇದ್ದೇ ಇರುತ್ತೆ."

ಎರಡು ತಿಂಗಳು ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ತಮ್ಮನ ತಾಳ್ಮೆ ಮೊದಲು ಹರಿಯಿತು. ಒಂದು ಭಾನುವಾರ ಅಪ್ಪ ಒಳಗೆ ಮಲಗಿದ್ದಾಗ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದ.

"ಅಕ್ಕಾ, ನಿಜ ಹೇಳು. ನೀನು ಹುಡುಕ್ತಾನೇ ಇಲ್ಲ ಅಲ್ವಾ?"

"ಹುಡುಕಿದೆ."

"ಸುಳ್ಳು. ಮಾರಿದ್ರೆ ನಾನು ಅಪ್ಪನ್ನ ಕರ್ಕೊಂಡು ಹೋಗ್ತೀನಿ, ನೀನು ಒಬ್ಬಳೇ ಆಗ್ತೀಯ, ಅದಕ್ಕೇ ತಾನೆ? ಅಪ್ಪನ ಮಂಡಿ ಸವೆದ್ರೂ ಪರವಾಗಿಲ್ಲ, ನಿನ್ನ ಜೊತೆಗೆ ಒಂದು ಜೀವ ಇರ್ಬೇಕು. ನಿಂಗೆ ಮೊದಲಿಂದಲೂ ಹೊಟ್ಟೆಕಿಚ್ಚು. ನನ್ನ ಕೈಯಿಂದ ಅಪ್ಪನಿಗೆ ಒಂದು ಒಳ್ಳೇದಾದ್ರೆ ನಿಂಗೆ ಸಹಿಸೋಕಾಗಲ್ಲ."

ಅವಳು ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟಳು. ಹನ್ನೊಂದು ವರ್ಷದಿಂದ ಅಪ್ಪನ ಬೆನ್ನು ಉಜ್ಜಿದವಳು ಅವಳು, ಮಾತ್ರೆ ಎಣಿಸಿ ಕೊಟ್ಟವಳು ಅವಳು. ಕೈ ಒರೆಸಿಕೊಂಡು ಹೋಗಿ, ಕೈಚೀಲದಿಂದ ಆ ಪ್ರತಿಯನ್ನು ತಂದು ಅವನ ಎದೆಗೆ ಒತ್ತಿದಳು.

"ತಗೋ. ಓದು. ಓದಿ ಆಮೇಲೆ ಮಾತಾಡು."

ತಮ್ಮ ನಿಂತೇ ಓದಿದ. ಅವನ ಮುಖ ಬಾಡುವುದನ್ನು ನೋಡಬೇಕೆಂದು ಅವಳು ಕಾದಳು. ಅಷ್ಟಾದರೂ ಸಮಾಧಾನ ಬೇಕಿತ್ತು ಅವಳಿಗೆ. ಮುಖ ಬಾಡಲಿಲ್ಲ, ಅರಳುತ್ತ ಹೋಯಿತು.

"ಅಕ್ಕಾ! ಬೆಳ್ಳಿ ತಂತಿ! ಕುದುರೆ! ಇದೇ ಅಲ್ವಾ ಬೇಕಾಗಿದ್ದು? ಇದಕ್ಕಿಂತ ಒಳ್ಳೇ ಕಾಗದ ಬೇಕೇನು?"

"ಕೆಳಗೆ ಏನು ಬರೆದಿದೆ ಓದಿದ್ಯಾ?"

"ಓದಿದೆ."

"ನಮ್ಮ ಮುತ್ತಾತ ಕಳ್ಳ ಅಂತ ಬರೆದಿದೆ. ಅವನು ಕದ್ದಿದ್ದಕ್ಕೇ ದಳಪತಿ ಸತ್ತ ಅಂತ ಬರೆದಿದೆ."

"ಅಕ್ಕಾ, ಅವನು ಸತ್ತೇ ಎಷ್ಟು ಕಾಲ ಆಯ್ತು. ನಾವೇನು ಕದ್ವಾ?" ಪ್ರತಿಯನ್ನು ಮಡಚಿ ಜೇಬಿಗಿಟ್ಟುಕೊಂಡ. ಅವಳು ಕೈ ಚಾಚಿದಳು. ಅವನು ಹಿಂದೆ ಸರಿದ. "ಅಪ್ಪನಿಗೆ ಗೊತ್ತಾಗಲ್ಲ ಬಿಡು. ಬೆಳ್ಳಿ ತಂತಿ ಸಾಲಷ್ಟೇ ಹಾಕಿ ಅಂತ ಹೇಳ್ತೀನಿ. ಮಿಕ್ಕಿದ್ದು ಬೇಡ ಅಂತೀನಿ. ಗ್ಯಾರಂಟಿ."

ಆ ಪದ ಕೇಳಿದ ಮೇಲೂ ಅವಳು ಸುಮ್ಮನಾದಳು. ಬೇರೆ ದಾರಿಯಿರಲಿಲ್ಲ ಎಂದು ಹೇಳಬಹುದು. ಅವನ ಮಾತು ಹತ್ತರಲ್ಲಿ ಒಂದು ಪಾಲಾದರೂ ನಿಜವಿದ್ದೀತು ಎಂಬ ಆಸೆಯೂ ಇತ್ತು.

ಪರೀಕ್ಷಕ ಸ್ವತಃ ಭಂಡಾರಕ್ಕೆ ಬಂದು ಮೂಲ ಪತ್ರ ನೋಡಿದ. ದಳಪತಿಗೆ ಮಕ್ಕಳಿರಲಿಲ್ಲ, ಹೆಂಡತಿಯ ಕಡೆಯೂ ಯಾರೂ ಉಳಿದಿರಲಿಲ್ಲ. ಪಿಸ್ತೂಲು ನಮ್ಮದು ಎಂದು ಬರುವವರಿರಲಿಲ್ಲ. ಅವನು ಅವಳ ಎದುರಿಗೇ ಕೈಗವಸು ಹಾಕಿಕೊಂಡು ಹಾಳೆ ತಿರುಗಿಸುತ್ತ, "ಎಂಥ ಕಥೆ! ಎಂಥ ಕಥೆ!" ಎಂದು ಚಪ್ಪರಿಸುತ್ತಿದ್ದ.

"ಅವರು ಕ್ಷಮಿಸಿದ್ದೂ ಬರೆದಿದೆ, ನೋಡಿ" ಎಂದಳು ಅವಳು. "ಕೊಟ್ಟೆ ಅಂತ ತಿಳ್ಕೋತೀನಿ ಅಂದ್ರಂತೆ."

"ಅದಿರಲಿ. ಖಾಲಿ ಚೀಲದಲ್ಲಿ ಕೈ ತಡಕಾಡಿತು ಅಂತಾರಲ್ಲ, ಅದು ಮೇಡಂ!"

ಪುಸ್ತಕ ಅಚ್ಚಾಗಿ ಬರುವ ದಿನ ಅಪ್ಪ ಬೆಳಗ್ಗೆಯೇ ಮುಖಕ್ಷೌರ ಮಾಡಿಕೊಂಡು, ಹಿತ್ತಾಳೆ ಗುಂಡಿಯ ಹಳೇ ಕೋಟು ಹಾಕಿಕೊಂಡು ಬಾಲ್ಕನಿಯ ಕುರ್ಚಿಯಲ್ಲಿ ಕೂತ. ಅವಳು ಆ ದಿನ ರಜೆ ಹಾಕಿದ್ದಳು. ಲಕೋಟೆ ತಂದವನು ಅದನ್ನು ಅಪ್ಪನ ಕೈಗೇ ಕೊಟ್ಟು ಸಹಿ ಹಾಕಿಸಿಕೊಂಡ. ನುಣುಪು ಹಾಳೆಯ ದಪ್ಪ ಪುಸ್ತಕ, ಮುಖಪುಟದಲ್ಲೇ ಪಿಸ್ತೂಲು. ಅಪ್ಪ ಅದನ್ನು ಮೂಗಿನ ಹತ್ತಿರ ಹಿಡಿದು ಚಿತ್ರ ಗುರುತಿಸಿದ. ಅಕ್ಷರ ಕಾಣಲಿಲ್ಲ.

"ಓದೇ."

ಅವಳು ಪುಟ ತೆರೆದಳು. ದಪ್ಪ ಅಕ್ಷರದಲ್ಲಿ ತಲೆಬರಹ: 'ದಳಪತಿಯನ್ನು ಕೊಂದ ಕಳ್ಳತನ'. ಕೆಳಗೆ ಮುತ್ತಾತನ ಪೂರ್ತಿ ಹೆಸರು. ಕಣ್ಣು ಓಡಿಸಿದಳು. ಕದ್ದದ್ದಿತ್ತು, ಓಡಿಹೋದದ್ದಿತ್ತು, ತಡಕಾಡಿದ ಕೈಯಿತ್ತು. ಇಪ್ಪತ್ತೆರಡು ವರ್ಷ, ಹೆದರಿದ್ದಾನೆ, ಕೊಟ್ಟೆನೆಂದೇ ತಿಳಿಯುತ್ತೇನೆ — ಈ ಸಾಲುಗಳಿರಲಿಲ್ಲ. 'ಆ ಕುಟುಂಬ ಈ ಪಿಸ್ತೂಲನ್ನು ಕೊಡುಗೆ ಎಂದು ಹೇಳಿಕೊಂಡು ಬಂದಿದೆ' ಎಂದು ಕೊನೆಯಲ್ಲೊಂದು ಸಾಲು. ಅದರಲ್ಲಿ ಸಣ್ಣ ನಗು ಇತ್ತು.

"ಏನೇ, ಪುಟ ಸಿಗ್ಲಿಲ್ವಾ? ಓದು."

ಅವಳು ಓದಿದಳು. ಪುಟದಲ್ಲಿ ಇಲ್ಲದ್ದನ್ನು ಓದಿದಳು. ದಳಪತಿ ಸೇತುವೆಯ ಮೇಲೆ ನಿಂತ, ಮದ್ದು ಮುಗಿಯಿತು, ಎಡ ಸೊಂಟದ ಪಿಸ್ತೂಲು ತೆಗೆದ, ನಂಬಿಕೆಯ ಆಳಿಗೆ ಕೊಟ್ಟ. ಪುಸ್ತಕದ ಭಾಷೆಯಂತೆ ಕೇಳಲೆಂದು ಅಲ್ಲಲ್ಲಿ ದೊಡ್ಡ ಪದಗಳನ್ನು ಹಾಕಿದಳು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಮುಗಿದಾಗ ಕೆನ್ನೆ ಒದ್ದೆಯಾಗಿತ್ತು.

"ಹೆಸರು ಹಾಕಿದಾರಾ?"

"ಹಾಕಿದಾರೆ. ಪೂರ್ತಿ ಹೆಸರು."

ಅದೊಂದು ನಿಜ ಎಂದು ಅವಳಿಗೆ ಒಳಗೇ ಅನಿಸಿತು.

"ಇನ್ನೊಂದು ಸಲ ಓದು."

ಎರಡನೆಯ ಸಲ ಓದುವಾಗ ಮೊದಲು ಹೇಳಿದ ಪದಗಳೆಲ್ಲ ನೆನಪಿಗೆ ಬರಲಿಲ್ಲ. ಆಗ 'ಅಚಲ' ಎಂದಿದ್ದಳೋ 'ಅಪ್ರತಿಮ' ಎಂದಿದ್ದಳೋ. ಹೊಳೆ ದಾಟಿದ್ದು ಮೊದಲೋ ಊರಿಗೆ ಸುದ್ದಿ ಮೊದಲೋ. ಒಂದೇ ಕಥೆಯನ್ನು ಮೂವತ್ತನಾಲ್ಕು ವರ್ಷ, ದಿನಕ್ಕೆ ಹತ್ತು ಸಲ, ಅಕ್ಷರ ತಪ್ಪದೆ ಹೇಳಿದವನ ಕಿವಿ ಅದು. ಅಪ್ಪ ಕಣ್ಣು ತೆರೆದ.

"ಆಗ ಬೇರೆ ಥರ ಓದಿದ್ದೆ."

"ಇಲ್ಲಪ್ಪಾ, ಇದೇ."

"ಬೇರೆ ಥರ ಓದಿದೆ. ಅಚ್ಚಾಗಿರೋದು ಹೇಗೆ ಬದಲಾಗುತ್ತೆ?"

ಅವಳು ಪುಟ ಮಗುಚಿದಳು. ಅಪ್ಪ ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡ. ಗೋಡೆ ಹಿಡಿದು ಎದ್ದು ಕೋಲು ತೆಗೆದುಕೊಂಡ.

"ಎಲ್ಲಿಗೆ?"

"ಕ್ಷೌರದಂಗಡಿಗೆ. ಅವನು ಓದ್ತಾನೆ."

"ಅಪ್ಪಾ, ಬೇಡ. ಕೂತ್ಕೋ. ನಾನು ಸರಿಯಾಗಿ ಓದ್ತೀನಿ, ಇದ್ದದ್ದು ಇದ್ದ ಹಾಗೆ ಓದ್ತೀನಿ. ಕೂತ್ಕೋ ಅಪ್ಪಾ."

"ಹಾಗಿದ್ರೆ ಇಷ್ಟೊತ್ತು ಇದ್ದದ್ದು ಓದ್ಲಿಲ್ಲ ಅಂತಾಯ್ತು."

ತೋಳು ಹಿಡಿದರೆ ಕೊಡವಿಕೊಂಡ. ಒಂದೊಂದು ಮೆಟ್ಟಿಲಿಗೆ ಎರಡೂ ಕಾಲು ಇಟ್ಟು, ಪುಸ್ತಕವನ್ನು ಕಂಕುಳಲ್ಲಿ ಒತ್ತಿಕೊಂಡು ಇಳಿದ. ಅವಳು ಎರಡು ಮೆಟ್ಟಿಲು ಹಿಂದೆ ಇಳಿದಳು. ತಿರುಗಿ ನೋಡಿ, "ನೀನು ಬರಬೇಡ" ಎಂದ. ಎರಡನೇ ಮಹಡಿಯ ತಿರುವಿನಲ್ಲಿ ಅವಳು ನಿಂತುಬಿಟ್ಟಳು. ಆವತ್ತು ಅವನ ಮಾತು ಮೀರಿ ಹೋಗಿದ್ದರೆ, ಪುಸ್ತಕ ಕಿತ್ತುಕೊಂಡಿದ್ದರೆ ಎಂದು ಆಮೇಲೆ ಎಷ್ಟು ಸಲ ಯೋಚಿಸಿದಳೋ.

ಅಂಗಡಿಯಲ್ಲಿ ನಡೆದದ್ದನ್ನು ಅವಳಿಗೆ ಹೇಳಿದವನು ಕ್ಷೌರಿಕನೇ. ಒಳ್ಳೆಯ ಮನುಷ್ಯ, ಅಪ್ಪನ ಕಥೆಯನ್ನು ಅವನಷ್ಟು ಸಲ ಕೇಳಿದವರಿಲ್ಲ. ಅಂಗಡಿ ತುಂಬಿತ್ತು. ಒಬ್ಬನ ಮುಖದ ಮೇಲೆ ನೊರೆ, ಬೆಂಚಿನ ಮೇಲೆ ನಾಲ್ಕು ಜನ. "ದಳಪತಿ ಬಂದ್ರು, ದಳಪತಿ ಬಂದ್ರು" ಎಂದು ಎದ್ದು ಜಾಗ ಕೊಟ್ಟರು. ಅಪ್ಪ ಪುಸ್ತಕ ಮುಂದೆ ಹಿಡಿದು, "ಜೋರಾಗಿ ಓದಪ್ಪ, ಎಲ್ಲರಿಗೂ ಕೇಳಲಿ" ಎಂದ. ಕ್ಷೌರಿಕ ಕತ್ತಿ ಒರೆಸಿಟ್ಟು, ತಲೆಬರಹವನ್ನು ಅರ್ಥ ಮಾಡಿಕೊಳ್ಳುವ ಮೊದಲೇ ಗಟ್ಟಿಯಾಗಿ ಓದಿಬಿಟ್ಟ. ಆಮೇಲೆ ನಿಲ್ಲಿಸಿದ.

"ಓದು" ಎಂದ ಅಪ್ಪ.

"ಬೇಡ ಬಿಡಿ..."

"ಓದು ಅಂದೆ."

ಕೊನೆಯವರೆಗೂ ಓದಿಸಿದನಂತೆ. ಯಾರೂ ನಗಲಿಲ್ಲ. ನೊರೆ ಮೆತ್ತಿಕೊಂಡವನು ಕನ್ನಡಿಯಲ್ಲಿ ಎಲ್ಲರ ಮುಖ ನೋಡುತ್ತ ಹಾಗೇ ಕೂತಿದ್ದ. ಅಪ್ಪ ಎದ್ದಾಗ ಕ್ಷೌರಿಕ ಕೈ ಹಿಡಿದು, "ಮೆಟ್ಟಿಲ ತನಕ ಬಿಟ್ಟು ಬರ್ತೀನಿ ಯಜಮಾನ್ರೇ" ಎಂದ. ಹೇಳಿದ ಮೇಲೆ ಅವನಿಗೇ ಹೊಳೆಯಿತು, ಇಪ್ಪತ್ತು ವರ್ಷದಲ್ಲಿ ತಾನು ಅವನನ್ನು ದಳಪತಿ ಎನ್ನದೆ ಬೇರೆ ಏನಾದರೂ ಕರೆದದ್ದು ಅದೇ ಮೊದಲು ಎಂದು. "ಬಾಯಿಗೇ ಬರಲಿಲ್ಲಮ್ಮ. ಏನು ಮಾಡ್ಲಿ?" ಎಂದು ಅವಳ ಮುಂದೆ ಕಣ್ಣೊರೆಸಿಕೊಂಡ.

ಅಪ್ಪ ಮೇಲೆ ಹತ್ತಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಬಂದು ಕೋಟು ಬಿಚ್ಚದೆ ಮಂಚದ ಅಂಚಿನಲ್ಲಿ ಕೂತ.

"ಆ ಕಾಗದ ಹುಡುಕಿದ್ದು ಯಾರು?"

"ನಾನು."

"ಕೊಟ್ಟಿದ್ದು?"

"ನಾನೇ. ಅಪ್ಪಾ, ಪುಸ್ತಕದಲ್ಲಿ ಪೂರ್ತಿ ಹಾಕಿಲ್ಲ. ದಳಪತಿ ಅವನನ್ನ ಕ್ಷಮಿಸಿದ್ರು. ಇರಲಿ, ಕೊಟ್ಟೆ ಅಂತ ತಿಳ್ಕೋತೀನಿ ಅಂದ್ರಂತೆ. ಕೊಡುಗೆ ಅನ್ನೋ ಮಾತು ಅಲ್ಲಿಂದಲೇ..."

"ನಿನ್ನ ಕಾಗದ ಸಾಕು."

"ಕೇಳಪ್ಪಾ ಒಂದು ನಿಮಿಷ..."

"ತಾತನ ಮಡಿಲಲ್ಲಿ ಕೂತು ಕೇಳಿದವನು ನಾನು. ನೀನಲ್ಲ." ಗೋಡೆಯ ಕಡೆ ತಿರುಗಿ ಮಲಗಿದ. ಅದು ಅವನು ಅವಳೊಂದಿಗೆ ಆಡಿದ ಕೊನೆಯ ಮಾತು.

ಸಂಜೆ ತಮ್ಮ ಬಂದ. ನಾನು ಬೇಡವೆಂದೇ ಹೇಳಿದ್ದೆ, ಕಂಪನಿಯವರು ಕೇಳಲಿಲ್ಲ, ಎಂದ. ಅದು ನಿಜವೂ ಇರಬಹುದು. ಅಪ್ಪ ಅವನನ್ನು ಬಯ್ಯಲಿಲ್ಲ. ಅವನ ಕೈಯಿಂದ ನೀರು ಕುಡಿದ.

ಹರಾಜು ಭರ್ಜರಿಯಾಯಿತು. ಯಾರೋ ದೂರದ ಸಂಗ್ರಾಹಕ ಟೆಲಿಫೋನಿನಲ್ಲೇ ಕೂಗಿ ಕೊಂಡ. "ಬರೀ ಕೊಡುಗೆ ಅಂದಿದ್ರೆ ಅರ್ಧನೂ ಬರ್ತಿರಲಿಲ್ಲ ಅಕ್ಕಾ, ಅವರೇ ಹೇಳಿದ್ರು" ಎಂದ ತಮ್ಮ, ಅವಳಿಗೆ ಸಂತೋಷವಾಗಲಿ ಎಂಬಂತೆ. ಊರಿನ ಇನ್ನೊಂದು ತುದಿಯಲ್ಲಿ, ಎದುರಿಗೆ ಸಣ್ಣ ಅಂಗಳವಿರುವ ನೆಲಮಹಡಿಯ ಮನೆ ಕೊಂಡ. ಅಪ್ಪನಿಗೆ ಗಾಲಿ ಕುರ್ಚಿ, ಒತ್ತಿದರೆ ತಲೆಯ ಕಡೆ ಮೇಲೇಳುವ ಮಂಚ. ಮಾಡುವುದನ್ನು ಚೆನ್ನಾಗಿಯೇ ಮಾಡಿದ, ಇಲ್ಲವೆನ್ನುವ ಹಾಗಿಲ್ಲ. ಸಾಮಾನು ಸಾಗಿಸುವ ದಿನ ಅವಳು ಅಪ್ಪನ ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬಿದಳು. ಅವನು ಅವಳನ್ನು ದಾಟಿ ಬಾಗಿಲ ಕಡೆ ನೋಡುತ್ತಿದ್ದ.

ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಅವಳು ಹೋಗುತ್ತಾಳೆ. ಉಗುರು ತೆಗೆಯುತ್ತಾಳೆ, ಔಷಧಿಯ ಡಬ್ಬಿ ತುಂಬುತ್ತಾಳೆ. ಅವನು ಕೈ ಕೊಡುತ್ತಾನೆ, ಮಾತು ಕೊಡುವುದಿಲ್ಲ. ತಮ್ಮನ ಹೆಂಡತಿ ಕಾಫಿ ಕೊಟ್ಟು, "ವಯಸ್ಸಾಯ್ತಲ್ಲ ಅತ್ತಿಗೆ, ಮನಸ್ಸಿಗೆ ಹಚ್ಕೋಬೇಡಿ" ಎನ್ನುತ್ತಾಳೆ.

ಒಂದು ಭಾನುವಾರ ಅವಳು ಹೊತ್ತಿಗೆ ಮುಂಚೆ ಬಂದಳು. ಅಂಗಳದಿಂದ ಅಪ್ಪನ ದನಿ ಕೇಳಿಸಿತು. ಎಷ್ಟೋ ತಿಂಗಳಾಗಿತ್ತು ಅಷ್ಟು ಉದ್ದ ಮಾತು ಕೇಳಿ. ಗೋಡೆಯ ಮರೆಯಲ್ಲಿ ನಿಂತಳು. ಪಕ್ಕದ ಮನೆಯ ನಿವೃತ್ತ ನರ್ಸು, ಮೇಲಿನ ಮನೆಯ ದಂಪತಿ, ಕುರ್ಚಿ ಹಾಕಿಕೊಂಡು ಕೂತಿದ್ದರು. ಅಪ್ಪ ಕಥೆ ಹೇಳುತ್ತಿದ್ದ. ಸೇತುವೆ ಇತ್ತು, ಮದ್ದು ಮುಗಿದಿತ್ತು, ದಳಪತಿ ಪಿಸ್ತೂಲು ಕೊಟ್ಟಾಗಿತ್ತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ.

"ನನಗೊಬ್ಬಳು ಮಗಳು" ಎನ್ನುತ್ತಿದ್ದ ಅಪ್ಪ. "ಹಳೇ ಕಾಗದದ ಆಫೀಸಲ್ಲಿ ಕೆಲಸ. ಹಳೇ ಶಾಯಿ, ಹಳೇ ಹಾಳೆ, ಎಲ್ಲ ಅವಳ ಕೈಯಲ್ಲೇ ಇರುತ್ತೆ. ಕೂತ್ಕೊಂಡು ಒಂದು ಪತ್ರ ಬರೆದ್ಲು. ನೂರ ಮೂವತ್ತು ವರ್ಷದ ಹಿಂದಿನ ಥರಾನೇ. ದೊಡ್ಡ ದೊಡ್ಡವರಿಗೂ ಗೊತ್ತಾಗಲಿಲ್ಲ."

"ಯಾಕೆ ಹಾಗೆ ಮಾಡಿದ್ರು?" ಎಂದಳು ನರ್ಸು.

ಅಪ್ಪ ತಡೆದ. ಎಷ್ಟು ತಡೆಯಬೇಕೋ ಅಷ್ಟೇ ತಡೆದ. "ಅದನ್ನೇ ನಾನೂ ಕೇಳ್ಕೋತಾ ಇದೀನಿ" ಎಂದ.

ಚೆನ್ನಾಗಿ ಹೇಳಿದ, ಅವಳು ಒಪ್ಪಲೇಬೇಕು. ಎಲ್ಲೂ ಬಿರುಕಿಲ್ಲ. ತಾತ ತಾತನಾಗಿಯೇ ಉಳಿದ, ದಳಪತಿ ಕೊಟ್ಟದ್ದು ಕೊಟ್ಟಂತೆಯೇ ಉಳಿಯಿತು. ಒಬ್ಬಳನ್ನು ಬಿಟ್ಟುಕೊಟ್ಟರೆ ಎಲ್ಲರೂ ಉಳಿಯುತ್ತಿದ್ದರು.

ಅವಳು ಸ್ವಲ್ಪ ಹೊತ್ತು ಬಿಟ್ಟು, ಆಗಷ್ಟೇ ಬಂದವಳಂತೆ ಒಳಗೆ ಹೋದಳು. ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಅಪ್ಪ ಕೈ ಚಾಚಿದ. ಅವಳು ಉಗುರು ತೆಗೆದಳು. ಹೆಬ್ಬೆರಳಿನ ಉಗುರು ಗಟ್ಟಿ, ಬಿಸಿನೀರಲ್ಲಿ ನೆನೆಸಬೇಕಾಯಿತು. ಡಬ್ಬಿ ತುಂಬಿ, ಹಾಸಿಗೆಯ ಹೊದಿಕೆ ಬದಲಿಸಿ ಹೊರಟಾಗ ನರ್ಸು ತನ್ನ ಬಾಗಿಲಲ್ಲಿ ಕಾದು ನಿಂತಿದ್ದಳು.

"ನೀವೇನಾ ಆ ಮಗಳು?"

"ಹೌದು."

"ಹೆತ್ತ ತಂದೆಗೆ ಹಾಗೆ ಮಾಡೋಕೆ ಮನಸ್ಸಾದ್ರೂ ಹೇಗೆ ಬಂತಮ್ಮ?"

ಪತ್ರ ಭಂಡಾರದಲ್ಲಿದೆ, ನಂಬರು ಹೇಳಿದರೆ ಯಾರು ಬೇಕಾದರೂ ನೋಡಬಹುದು ಎಂದು ಹೇಳಬಹುದಿತ್ತು. ಬಾಯಿ ತೆರೆದಳು. ತಮ್ಮನ ಮನೆಯೊಳಗಿನಿಂದ ಅಪ್ಪ ಕೆಮ್ಮಿದ್ದು ಕೇಳಿಸಿತು. ಕಿಟಕಿ ತೆರೆದೇ ಇತ್ತು.

"ತಪ್ಪಾಯ್ತು" ಎಂದಳು.

ನರ್ಸು ತಲೆ ಅಲ್ಲಾಡಿಸಿ ಬಾಗಿಲು ಹಾಕಿಕೊಂಡಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದಲ್ಲಿ ಕೂರಲು ಮನಸ್ಸಾಗದೆ ಅವಳು ಮುಂದಿನ ನಿಲ್ದಾಣದವರೆಗೆ ನಡೆದೇ ಹೋದಳು.